ಜೀನ್ ರಿಚಿ ಏನೂ ಮಾಡದೆ ಹಾಡ್ತಾರಲ್ಲ, ಅದು ಹೇಗೆ? (ಐರಿಷ್, ಅಮೆರಿಕನ್ ಜನಪದ ಹಾಡುಗಳು)

ಹಂಚಿನಮನೆ

ಹೋದ ತಿಂಗಳು ಒಂದು ರಾತ್ರಿ ಪಾತ್ರೆ ತೊಳೆಯುತ್ತ ಫೋನಿನಲ್ಲಿ ಹಾಡು ಹಾಕಿಕೊಂಡಿದ್ದೆ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತಿತ್ತು. ಮಧ್ಯೆ ಒಬ್ಬ ಹೆಂಗಸಿನ ದನಿ ಬಂತು. ಗಿಟಾರ್ ಇಲ್ಲ, ಪಿಟೀಲಿಲ್ಲ, ತಾಳವೂ ಇಲ್ಲ. ತೆಳ್ಳಗೆ, ಎತ್ತರದಲ್ಲಿ ಹೋಗುವ ದನಿ. ಪಕ್ಕದ ಮನೆಯವರು ಹಿತ್ತಲಲ್ಲಿ ಬಟ್ಟೆ ಹರವುತ್ತ ತಮ್ಮ ಪಾಡಿಗೆ ಹಾಡಿಕೊಳ್ಳುತ್ತಾರಲ್ಲ, ಹಾಗೆ. ನಲ್ಲಿ ನಿಲ್ಲಿಸಿ ನಿಂತೆ. ಹಾಡು ‘ಬಾರ್ಬರಾ ಆಲನ್’. ಹಾಡಿದವರು ಜೀನ್ ರಿಚಿ.

ಗೊತ್ತಿಲ್ಲದವರಿಗೆ ಎರಡು ಮಾತು. ರಿಚಿ ಹುಟ್ಟಿದ್ದು 1922ರಲ್ಲಿ, ಅಮೆರಿಕದ ಕೆಂಟಕಿ ರಾಜ್ಯದ ವೈಪರ್ ಎಂಬ ಹಳ್ಳಿಯಲ್ಲಿ. ಅಪಲಾಚಿಯನ್ ಬೆಟ್ಟಗಳ ಸಂದಿಯ ಊರು. 14 ಮಕ್ಕಳಲ್ಲಿ ಇವರೇ ಕೊನೆಯವರು. ಮನೆಮಂದಿಯೆಲ್ಲ ಹಾಡುವವರು. ಜೋಳದ ಹೊಲದಲ್ಲಿ ಕಳೆ ತೆಗೆಯುವಾಗ ಹಾಡು, ಸಂಜೆ ಜಗುಲಿಯಲ್ಲಿ ಕೂತು ಹುರುಳಿಕಾಯಿ ನಾರು ಬಿಡಿಸುವಾಗ ಹಾಡು. ಓದಿ ನ್ಯೂಯಾರ್ಕಿಗೆ ಹೋಗಿ ಬಡವರ ಮಕ್ಕಳ ಜೊತೆ ಸಮಾಜಸೇವೆಯ ಕೆಲಸಕ್ಕೆ ಸೇರಿದರು. ಅಲ್ಲಿ ಆ ಮಕ್ಕಳಿಗೆ ಊರಿನ ಹಾಡು ಕಲಿಸಿದರು. ಸುದ್ದಿ ಹಬ್ಬಿ, ಜನಪದ ಹಾಡು ಸಂಗ್ರಹಿಸುತ್ತಿದ್ದ ಅಲನ್ ಲೋಮ್ಯಾಕ್ಸ್ ಬಂದು ಧ್ವನಿಮುದ್ರಿಸಿಕೊಂಡರು. 1952ರಲ್ಲಿ ಎಲೆಕ್ಟ್ರಾ ಕಂಪನಿಯಿಂದ ಮೊದಲ ರೆಕಾರ್ಡ್ ಬಂತು. ತೀರಿಕೊಂಡಿದ್ದು 2015ರಲ್ಲಿ, 92ನೇ ವಯಸ್ಸಿನಲ್ಲಿ.

ಈಗ ನನ್ನ ಪ್ರಶ್ನೆ. ಆ ಹಾಡಿನ ಕತೆ ದೊಡ್ಡ ದುಃಖದ್ದು. ಹುಡುಗ ಸಾಯಲು ಮಲಗಿದ್ದಾನೆ, ಅವಳಿಗೆ ಹೇಳಿ ಕಳಿಸುತ್ತಾನೆ. ಅವಳು ನಿಧಾನಕ್ಕೆ ಬಂದು, ಮುಖ ನೋಡಿ, ನೀನು ಸಾಯ್ತೀಯ ಅನ್ಸುತ್ತೆ ಎಂದು ಹೊರಟುಬಿಡುತ್ತಾಳೆ. ಅಷ್ಟೇ! ವಾಪಸ್ ಹೋಗುವ ದಾರಿಯಲ್ಲಿ ಸಾವಿನ ಗಂಟೆ ಕೇಳುತ್ತದೆ. ಆಮೇಲೆ ಅವಳೂ ಸಾಯುತ್ತಾಳೆ. ಇಬ್ಬರ ಗೋರಿಯಿಂದ ಗುಲಾಬಿ ಬಳ್ಳಿ, ಮುಳ್ಳಿನ ಬಳ್ಳಿ ಎದ್ದು ಹೆಣೆದುಕೊಳ್ಳುತ್ತವೆ. ಬೇರೆ ಯಾರಾದರೂ ಆಗಿದ್ದರೆ ಗಂಟೆಯ ಸಾಲಿಗೆ ದನಿ ನಡುಗಿಸುತ್ತಿದ್ದರು. ರಿಚಿ ಏನೂ ಮಾಡುವುದಿಲ್ಲ. ಸಂತೆಯಿಂದ ಉಪ್ಪು ತಂದೆ ಅನ್ನುವ ದನಿಯಲ್ಲೇ ಸಾವನ್ನೂ ಹೇಳಿ ಮುಗಿಸುತ್ತಾರೆ. ಮೊದಲ ಸಲ ಒಣಕಲು ಅನ್ನಿಸಿತು. ಮೂರನೇ ಸಲ ಕೇಳುವಾಗ ಕಣ್ಣಲ್ಲಿ ನೀರು ಬಂತು, ಸೋಪಿನ ಕೈಯಲ್ಲೇ ಒರೆಸಿಕೊಂಡು ಇನ್ನೂ ಜಾಸ್ತಿ ನೀರು ಬಂತು.

ಹಳೇ ಹಾಡನ್ನು ತಮ್ಮದಾಗಿಸಿಕೊಂಡು ಹಾಡೋದು ಅಂದ್ರೆ ಇದೇನಾ? ಅಥವಾ ಇದು ಬರೀ ಒಪ್ಪಿಸೋದಾ? ಈ ಐರಿಷ್, ಅಮೆರಿಕನ್ ಹಾಡುಗಳನ್ನು ಕೇಳುವವರು ಇಲ್ಲಿ ಕೆಲವರಿದ್ದೀರಿ ಅಂತ ಗೊತ್ತು. ಹೇಳಿ.

ರಾಗಿಮುದ್ದೆ22

ನೀವು ಹೇಳಿದ್ರಿ ಅಂತ ಕೇಳಿದೆ ಗುರುಗಳೇ. ನಾಲ್ಕನೇ ನುಡಿಗೆ ನಿದ್ದೆ. ಬೇಜಾರು ಮಾಡ್ಕೋಬೇಡಿ, ನಿದ್ದೆ ಮಾತ್ರ ಚೆನ್ನಾಗಿ ಬಂತು.

ಗಾಲ್ವೆಮಳೆ

ಹಂಚಿನಮನೆಯವರೇ, ನಾನು ಆರು ವರ್ಷದಿಂದ ಐರ್ಲೆಂಡಿನ ಗಾಲ್ವೆಯಲ್ಲಿದ್ದೀನಿ. ರಿಚಿ ಹೆಸರು ನೋಡಿ ಖುಷಿಯಾಯಿತು, ಯಾಕಂದ್ರೆ ಅವರ ಒಂದು ದೊಡ್ಡ ಗಂಟು ಇಲ್ಲೇ ಇದೆ.

1952ರಲ್ಲಿ ಅವರಿಗೆ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿತು. ನಮ್ಮ ಮನೆಯ ಹಾಡುಗಳು ಎಲ್ಲಿಂದ ಬಂದವು, ನೋಡಿಕೊಂಡು ಬರ್ತೀನಿ ಅಂತ ಗಂಡ ಜಾರ್ಜ್ ಪಿಕೋ ಜೊತೆ ಹೊರಟರು. ಐರ್ಲೆಂಡ್, ಸ್ಕಾಟ್ಲೆಂಡ್, ಇಂಗ್ಲೆಂಡ್ ಸುತ್ತಿದರು. ಗಂಡ ಫೋಟೋಗ್ರಾಫರ್. ಅವರು ಫೋಟೋ ತೆಗೆಯೋದು, ಇವರು ಟೇಪಿನಲ್ಲಿ ಹಾಡು ಹಿಡಿಯೋದು. ಐರ್ಲೆಂಡಿನಲ್ಲಿ ತೆಗೆದ ಆ ಫೋಟೋಗಳು, ಟೇಪುಗಳು ಈಗ ಗಾಲ್ವೆ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ.

ಹಾಡು ಕೇಳುವುದಕ್ಕೆ ರಿಚಿ ಒಂದು ಉಪಾಯ ಕಂಡುಕೊಂಡಿದ್ದರು, ಅದು ನನಗೆ ತುಂಬಾ ಇಷ್ಟ. ‘ಹಳೇ ಹಾಡು ಬರುತ್ತಾ?’ ಅಂತ ಕೇಳಿದರೆ ಜನ ರೇಡಿಯೋದಲ್ಲಿ ಬರುವ ಚಾಲ್ತಿ ಹಾಡು ಶುರು ಮಾಡುತ್ತಿದ್ದರಂತೆ. ಅದಕ್ಕೆ ಆ ಪ್ರಶ್ನೆ ಬಿಟ್ಟು, ‘ಬಾರ್ಬರಾ ಆಲನ್ ಬರುತ್ತಾ?’ ಅಂತ ಕೇಳತೊಡಗಿದರು. ಓ, ಇವಳಿಗೆ ಬೇಕಾದದ್ದು ಅಂಥ ಹಾಡು ಅಂತ ಜನಕ್ಕೆ ತಕ್ಷಣ ಅರ್ಥವಾಗುತ್ತಿತ್ತು. ನಿಮ್ಮನ್ನು ಸಿಂಕಿನ ಮುಂದೆ ನಿಲ್ಲಿಸಿದ ಹಾಡೇ ಅವರಿಗೆ ಬೀಗದ ಕೈ.

ಅವರು ಹಾಡಿಸಿಕೊಂಡವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಒಬ್ಬರು ಕಾರ್ಕ್ ಕೌಂಟಿಯ ಬೆಸ್ ಕ್ರೋನಿನ್. 1879ರಲ್ಲಿ ಹುಟ್ಟಿದವರು. ಐರಿಷ್ ಭಾಷೆಯಲ್ಲೂ ಇಂಗ್ಲಿಷಿನಲ್ಲೂ ಹಾಡು ಬರುತ್ತಿತ್ತು. ಇನ್ನೊಬ್ಬರು ಉತ್ತರದ ಆರ್ಮಾ ಕೌಂಟಿಯ ಕೀಡಿ ಎಂಬ ಊರಿನ ಸಾರಾ ಮೇಕಮ್. ಲಿನನ್ ಗಿರಣಿಯಲ್ಲಿ ನೇಯುತ್ತಿದ್ದ ಹೆಂಗಸು. ನೂರಾರು ಹಾಡು ಬಾಯಲ್ಲೇ. ರಿಚಿ ಹೋಗಿ ಬಂದ ಮೂರು ವರ್ಷಕ್ಕೆ, 1955ರಲ್ಲಿ, ಡಯಾನ್ ಹ್ಯಾಮಿಲ್ಟನ್ ಎಂಬ ಇನ್ನೊಬ್ಬ ಅಮೆರಿಕನ್ ಹೆಂಗಸು ಹಾಡು ಹುಡುಕಿಕೊಂಡು ಅದೇ ಮನೆಗೆ ಬಂದರು. ಜೊತೆಗೆ ಲಿಯಾಮ್ ಕ್ಲ್ಯಾನ್ಸಿ ಎಂಬ ಹುಡುಗ. ಅಲ್ಲಿ ಸಾರಾ ಅವರ ಮಗ ಟಾಮಿ ಸಿಕ್ಕಿದ. ಮುಂದೆ ಈ ಹುಡುಗರೇ ಕ್ಲ್ಯಾನ್ಸಿ ಬ್ರದರ್ಸ್ ಮತ್ತು ಟಾಮಿ ಮೇಕಮ್ ಆಗಿ, ಬಿಳಿ ಉಣ್ಣೆ ಸ್ವೆಟರ್ ಹಾಕಿಕೊಂಡು, 1961ರಲ್ಲಿ ಅಮೆರಿಕದ ಎಡ್ ಸಲಿವನ್ ಟಿವಿ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. ಅಡುಗೆಮನೆಯಲ್ಲಿ ಅಮ್ಮ ಮೆಲ್ಲಗೆ ಹಾಡಿದ್ದನ್ನು ಮಗ ಸಭೆ ತುಂಬ ಕೂಗಿ ಹಾಡಿಸಿದ. ಇಬ್ಬರದೂ ಸರಿ ಅಂತಲೇ ನನಗನ್ನಿಸೋದು. ಆದರೆ ಮನೆಯಲ್ಲಿ ಒಬ್ಬಳೇ ಇದ್ದಾಗ ನಾನು ಹಾಕಿಕೊಳ್ಳೋದು ಅಮ್ಮನದ್ದು.

ಬ್ಯಾಂಜೋಭಟ್ಟ

ಒಂದು ತಕರಾರಿದೆ ಮಾರಾಯ್ರೆ. ‘ಏನೂ ಮಾಡದೆ ಹಾಡೋದೇ ಶುದ್ಧ’ ಅನ್ನೋ ಕಡೆ ಈ ಮಾತು ಹೊರಟಿದೆ. ಹಾಗಾದರೆ ಪಾಲ್ ಬ್ರೇಡಿಯನ್ನ ಎಲ್ಲಿಡ್ತೀರಿ?

ಬ್ರೇಡಿ ಉತ್ತರ ಐರ್ಲೆಂಡಿನ ಸ್ಟ್ರಬೇನ್ ಊರಲ್ಲಿ ಬೆಳೆದವರು. 1970ರ ದಶಕದ ಮೊದಲಲ್ಲಿ ಅಮೆರಿಕದಲ್ಲಿದ್ದಾಗ ಅವರ ಕೈಗೆ ಒಂದು ಹಾಡಿನ ಪುಸ್ತಕ ಸಿಕ್ಕಿತು. ಮೇನ್ ರಾಜ್ಯದ ಕ್ಯಾರಿ ಗ್ರೋವರ್ ಎಂಬ ಹೆಂಗಸು ತಮ್ಮ ಮನೆಯಲ್ಲಿ ಹಾಡುತ್ತಿದ್ದುದನ್ನೆಲ್ಲ ಬರೆದಿಟ್ಟ ಪುಸ್ತಕ ಅದು. ಅದರಲ್ಲಿ ‘ಆರ್ಥರ್ ಮೆಕ್‌ಬ್ರೈಡ್’ ಇತ್ತು. ಮೂಲದಲ್ಲಿ ಐರ್ಲೆಂಡಿನಲ್ಲೂ ಓಡಾಡಿದ ಹಾಡೇ, 19ನೇ ಶತಮಾನದಲ್ಲೇ ಅಲ್ಲಿ ಬರೆದಿಟ್ಟಿದ್ದಾರೆ. ಆದರೆ ಐರ್ಲೆಂಡಿನ ಹಾಡುಗಾರನಿಗೆ ಅದು ಸಿಕ್ಕಿದ್ದು ಸಮುದ್ರದ ಆಚೆ, ಒಬ್ಬ ಅಮೆರಿಕನ್ ಅಜ್ಜಿಯ ಪುಸ್ತಕದಲ್ಲಿ!

ಕತೆ ಗೊತ್ತಲ್ವಾ? ಕ್ರಿಸ್ಮಸ್ ದಿನ ಬೆಳಿಗ್ಗೆ ಇಬ್ಬರು ಕಸಿನ್‌ಗಳು ಸಮುದ್ರದ ದಂಡೆಯಲ್ಲಿ ನಡೆಯುತ್ತಿರುತ್ತಾರೆ. ಸೈನ್ಯಕ್ಕೆ ಸೇರಿಸಿಕೊಳ್ಳುವ ಸಾರ್ಜೆಂಟ್ ಎದುರಾಗುತ್ತಾನೆ. ಒಳ್ಳೇ ಸಂಬಳ, ಒಳ್ಳೇ ಬಟ್ಟೆ, ಬನ್ನಿ ಅನ್ನುತ್ತಾನೆ. ನಿಮ್ಮ ಬಟ್ಟೆ ಬಾಡಿಗೆಯದ್ದು, ನಾಳೆ ಫ್ರಾನ್ಸಿಗೆ ಕಳಿಸಿ ಗುಂಡು ಹೊಡೆಸ್ತೀರಿ ಅಂತ ಇವರು ಹೇಳುತ್ತಾರೆ. ಮಾತು ಬೆಳೆದು ದೊಣ್ಣೆ ಎತ್ತುತ್ತಾರೆ. ಕೊನೆಗೆ ಆ ಪುಟ್ಟ ನಗಾರಿಹುಡುಗನ ನಗಾರಿಯನ್ನ ಕಾಲ್ಚೆಂಡು ಮಾಡಿ ಆಡಿ ಸಮುದ್ರಕ್ಕೆ ಎಸೆಯುತ್ತಾರೆ.

ಬ್ರೇಡಿ ಇದನ್ನ ಹಾಡೋದು ಕೇಳಿ. ಆಂಡಿ ಅರ್ವೈನ್ ಎಂಬ ಇನ್ನೊಬ್ಬ ಹಾಡುಗಾರರ ಜೊತೆ ಮಾಡಿದ 1976ರ ರೆಕಾರ್ಡ್. ಈ ಹಾಡಿನಲ್ಲಿ ಮಾತ್ರ ಆರೂವರೆ ನಿಮಿಷಕ್ಕೂ ಜಾಸ್ತಿ ಬ್ರೇಡಿ ಒಬ್ಬನೇ ಮನುಷ್ಯ, ಒಂದೇ ಗಿಟಾರ್. ಆ ಗಿಟಾರು ಸುಮ್ನೆ ಶ್ರುತಿ ಹಿಡಿದು ಕೂತಿಲ್ಲ. ಬೆಳಗಿನ ನಡಿಗೆ ಇದ್ದಾಗ ನಡೆಯುತ್ತೆ, ಸಾರ್ಜೆಂಟನ ಮಾತು ಬಂದಾಗ ಅವನ ಬಿಂಕ ಬರುತ್ತೆ, ಜಗಳ ಶುರುವಾಗುವ ಮೊದಲು ಒಂದು ಗಳಿಗೆ ಉಸಿರು ಕಟ್ಟುತ್ತೆ. ಪದಗಳ ಮಧ್ಯೆ ಕೊಂಕು ಎಷ್ಟಿದೆ ಅಂದ್ರೆ, ಆ ಬಾಡಿಗೆ ಬಟ್ಟೆಯ ಮಾತಿಗೆ ಪ್ರತಿ ಸಲ ನಗು ಬರುತ್ತೆ ನನಗೆ. ಇದು ‘ಏನೂ ಮಾಡದೆ’ ಹಾಡಿದ್ದಲ್ಲ. ಅಕ್ಷರ ಅಕ್ಷರಕ್ಕೂ ಕೆಲಸ ಮಾಡಿದ್ದು.

ಇನ್ನೊಂದು ತಮಾಷೆ. ಬ್ರೇಡಿಯ ಹೆಸರಿಗೇ ಅಂಟಿಕೊಂಡಿರುವ ಇನ್ನೊಂದು ಹಾಡು ‘ಲೇಕ್ಸ್ ಆಫ್ ಪಾಂಚಟ್ರೇನ್’. ಪಬ್ಬಿನಲ್ಲಿ ಕೇಳಿದವರೆಲ್ಲ ಐರಿಷ್ ಹಾಡು ಅಂದುಕೊಳ್ತಾರೆ. ಪಾಂಚಟ್ರೇನ್ ಸರೋವರ ಇರೋದು ಅಮೆರಿಕದ ನ್ಯೂ ಆರ್ಲಿಯನ್ಸ್ ಪಕ್ಕದಲ್ಲಿ! ಕೈಯಲ್ಲಿರೋ ದುಡ್ಡು ಆ ಊರಲ್ಲಿ ನಡೆಯದ ಒಬ್ಬ ಪರದೇಶಿ, ಅವನಿಗೆ ಮನೆಯಲ್ಲಿ ಜಾಗ ಕೊಡುವ ಕ್ರಿಯೋಲ್ ಹುಡುಗಿ. ಮದುವೆಯಾಗ್ತೀಯಾ ಅಂತಾನೆ, ಇಲ್ಲ, ನನ್ನವನು ಸಮುದ್ರದ ಮೇಲಿದ್ದಾನೆ ಅಂತಾಳೆ. ಇದಕ್ಕೆ ಫ್ರಾನ್ಸಿ ಮೂನಿ ಎಂಬ ಡೊನೆಗಾಲ್‌ನ ಪಿಟೀಲುಗಾರರು ಐರಿಷ್ ಭಾಷೆಗೆ ಅನುವಾದ ಮಾಡಿದರು, ಬ್ರೇಡಿ ಅದನ್ನೂ ಹಾಡಿದರು. ಅಂದರೆ ಐರಿಷ್ ಹಾಡು ಅಮೆರಿಕದಿಂದ ಬಂತು, ಅಮೆರಿಕದ ಹಾಡು ಐರಿಷ್ ಆಯಿತು.

ಹಂಚಿನಮನೆ

ಭಟ್ಟರೇ, ಕೇಳಿದೆ. ಎರಡು ಸಲ. ಒಪ್ಪಿದೆ, ಅರ್ಧ.

ಬ್ರೇಡಿ ಹಾಡುವಾಗ ನನಗೆ ಬ್ರೇಡಿ ಕಾಣಿಸುತ್ತಾರೆ. ತುಂಬಾ ಜಾಣ ಮನುಷ್ಯ ಎದುರಿಗೆ ಕೂತು ಕತೆ ಹೇಳಿದ ಹಾಗೆ. ರಿಚಿ ಹಾಡುವಾಗ ಅವರು ಕಾಣಿಸೋದೇ ಇಲ್ಲ, ಆ ಹುಡುಗ ಮಲಗಿದ್ದ ಕೋಣೆ ಕಾಣಿಸುತ್ತೆ. ಯಾವುದು ಮೇಲು ಅಂತಲ್ಲ. ಆದರೆ ಎರಡಕ್ಕೂ ಒಂದೇ ಪದ ಬಳಸಿದರೆ ಏನೋ ತಪ್ಪಿಹೋಗುತ್ತೆ.

ಅಂದ ಹಾಗೆ ರಿಚಿ ಯಾವಾಗಲೂ ಬರೀ ಬಾಯಲ್ಲಿ ಹಾಡುತ್ತಿರಲಿಲ್ಲ. ಡಲ್ಸಿಮರ್ ಇತ್ತು. ತೊಡೆಯ ಮೇಲೆ ಅಡ್ಡ ಇಟ್ಟುಕೊಳ್ಳುವ ಉದ್ದನೆಯ, ನಡು ಸಣ್ಣಗಿರುವ ತಂತಿವಾದ್ಯ. ಅವರ ಅಪ್ಪನ ಹತ್ತಿರ ಒಂದಿತ್ತು, ಮಕ್ಕಳು ಮುಟ್ಟೋ ಹಾಗಿರಲಿಲ್ಲ. ಈ ಕೊನೇ ಮಗಳು ಕದ್ದು ನುಡಿಸಿ ಕಲಿತಳು. ಎಡಗೈಯಲ್ಲಿ ಒಂದು ಪುಟ್ಟ ಕಡ್ಡಿ ಹಿಡಿದು ಒಂದು ತಂತಿಯ ಮೇಲೆ ಜಾರಿಸುತ್ತಾರೆ, ಧಾಟಿ ಅದರಿಂದ. ಬಲಗೈಯಲ್ಲಿ ಹಕ್ಕಿಗರಿಯ ದಂಟಿನಿಂದ ಮೀಟುತ್ತಾರೆ. ಉಳಿದ ತಂತಿಗಳು ಒಂದೇ ಸ್ವರ ಹಿಡಿದು ಗುಂಯ್ ಅಂತಿರುತ್ತವೆ. ನಮ್ಮ ಕಿವಿಗೆ ಅದು ಹೊಸದೇ ಅಲ್ಲ, ತಂಬೂರಿ ಕೇಳಿ ಬೆಳೆದವರಲ್ವಾ. ಬಹುಶಃ ಅದಕ್ಕೇ ಗಿಟಾರಿಗಿಂತ ಬೇಗ ಒಳಗೆ ಇಳಿಯಿತೇನೋ.

ನ್ಯೂಯಾರ್ಕಿನಲ್ಲಿ ಅವರ ಗಂಡ ಮತ್ತು ಗಂಡನ ಚಿಕ್ಕಪ್ಪ ಸೇರಿ ಬ್ರೂಕ್ಲಿನ್‌ನ ವಿಲಿಯಮ್ಸ್‌ಬರ್ಗ್ ಸೇತುವೆಯ ಕೆಳಗಿನ ವರ್ಕ್‌ಶಾಪಿನಲ್ಲಿ ಡಲ್ಸಿಮರ್ ಮಾಡಿ ಮಾರುತ್ತಿದ್ದರಂತೆ. ಬೆಟ್ಟದ ವಾದ್ಯ, ಸೇತುವೆ ಕೆಳಗಿನ ಫ್ಯಾಕ್ಟರಿ!

ಶಿರಸಿಸುಬ್ಬಿ

ಒಂದು ಸಣ್ಣ ತಿದ್ದುಪಡಿ, ಕೊಂಕು ಅಂದ್ಕೋಬೇಡಿ. ‘ಬಾರ್ಬರಾ ಆಲನ್’ ಐರಿಷ್ ಹಾಡಲ್ಲ. ಲಂಡನ್ನಿನ ಸ್ಯಾಮ್ಯುಯೆಲ್ ಪೀಪ್ಸ್ ತನ್ನ ದಿನಚರಿಯಲ್ಲಿ 1666ರ ಜನವರಿ 2ರಂದು ಇದನ್ನು ಕೇಳಿ ಖುಷಿಪಟ್ಟಿದ್ದನ್ನು ಬರೆದಿದ್ದಾನೆ, ಅದನ್ನು ಸ್ಕಾಟ್ಲೆಂಡಿನ ಹಾಡು ಅಂತ ಕರೆಯುತ್ತಾನೆ. ಹಾರ್ವರ್ಡಿನ ಫ್ರಾನ್ಸಿಸ್ ಚೈಲ್ಡ್ ಕೂಡಿಹಾಕಿದ 305 ಲಾವಣಿಗಳಲ್ಲಿ ಇದರ ನಂಬರ್ 84. ಐರ್ಲೆಂಡಿನಲ್ಲೂ ಹಾಡುತ್ತಾರೆ, ಅದು ಬೇರೆ ಮಾತು. ಅಪಲಾಚಿಯನ್ ಬೆಟ್ಟಕ್ಕೆ ವಲಸೆ ಹೋದವರಲ್ಲಿ ಇಂಗ್ಲಿಷರು, ಸ್ಕಾಟರು, ಉತ್ತರ ಐರ್ಲೆಂಡಿನ ಅಲ್ಸ್ಟರ್ ಕಡೆಯವರು ಎಲ್ಲ ಇದ್ದರು. ಹಾಡುಗಳೂ ಹಾಗೇ ಕಲಸಿಹೋದವು. ‘ಐರಿಷ್ ಹಾಡುಗಳು’ ಅಂತ ಒಂದೇ ಚೀಟಿ ಅಂಟಿಸಿದರೆ ಸ್ಕಾಟ್ಲೆಂಡಿನವರು ಜಗಳಕ್ಕೆ ಬರ್ತಾರೆ.

ಇನ್ನೊಂದು ವಿಷಯ. ರಿಚಿ ಹುಟ್ಟುವ ಮೊದಲೇ ಆ ಮನೆಯ ಹಾಡುಗಳ ಮೇಲೆ ಹೊರಗಿನವರ ಕಣ್ಣು ಬಿದ್ದಿತ್ತು. ಸೆಸಿಲ್ ಶಾರ್ಪ್ ಇಂಗ್ಲೆಂಡಿನಿಂದ ಬಂದು ಈ ಬೆಟ್ಟಗಳಲ್ಲಿ ಹಾಡು ಸಂಗ್ರಹಿಸುತ್ತಿದ್ದಾಗ, 1917ರಲ್ಲಿ ಹಿಂಡ್‌ಮನ್ ಶಾಲೆಯಲ್ಲಿ ರಿಚಿಯ ಅಕ್ಕಂದಿರು ಅವರಿಗೆ ಹಾಡಿ ತೋರಿಸಿದ್ದರು. ಹಾಗಾಗಿ ‘ಹಳ್ಳಿಯ ಮುಗ್ಧ ಹುಡುಗಿ ತನಗೇ ಗೊತ್ತಿಲ್ಲದೆ ಹಾಡಿದಳು’ ಅನ್ನೋ ಕತೆ ಬೇಡ. ತಮ್ಮ ಹಾಡಿಗೆ ಬೆಲೆ ಇದೆ ಅಂತ ಆ ಮನೆಯವರಿಗೆ ಚೆನ್ನಾಗಿ ಗೊತ್ತಿತ್ತು. ಜೀನ್ ಕೂಡ ಡಿಗ್ರಿ ಮಾಡಿದವರು. ಸಾದಾ ಹಾಡೋದು ಅವರು ಬೇಕಂತಲೇ ಇಟ್ಟುಕೊಂಡ ರೀತಿ. ಹಂಚಿನಮನೆಯವರ ಪ್ರಶ್ನೆಗೆ ನನ್ನ ಉತ್ತರ ಇದೇ: ಏನು ಮಾಡಬಾರದು ಅಂತ ತೀರ್ಮಾನಿಸೋದೂ ಕೆಲಸವೇ.

ಕೊಡೆಮರೆತವ

ಡಬ್ಲಿನ್‌ನಿಂದ ನಮಸ್ಕಾರ. ನನ್ನ ಮಾನ ಹೋದ ಕತೆ ಹೇಳ್ತೀನಿ, ಇಲ್ಲಿಗೆ ಸರಿಹೊಂದುತ್ತೆ.

ಕ್ಲೇರ್ ಕೌಂಟಿಯಲ್ಲಿ ಪ್ರತಿ ಜುಲೈ, ಪೈಪ್ ನುಡಿಸುತ್ತಿದ್ದ ವಿಲ್ಲಿ ಕ್ಲ್ಯಾನ್ಸಿ ನೆನಪಿಗೆ, ವಿಲ್ಲಿ ಕ್ಲ್ಯಾನ್ಸಿ ವಾರ ಅಂತ ನಡೆಯುತ್ತೆ, 1973ರಿಂದ. ಮಿಲ್‌ಟೌನ್ ಮಾಲ್ಬೇ ಅಂತ ಸಣ್ಣ ಊರು. ಬೆಳಿಗ್ಗೆ ಪಾಠ, ಸಂಜೆ ಪಬ್ಬುಗಳಲ್ಲಿ ವಾದ್ಯ. ಮೊದಲ ವರ್ಷ ಹೋದಾಗ ಒಂದು ಪಬ್ಬಿನ ಮೂಲೆಯಲ್ಲಿ ಕೂತಿದ್ದೆ. ಪಿಟೀಲು, ಕೊಳಲು ಜೋರಾಗಿ ನಡೀತಿತ್ತು, ನಾನೂ ಕಾಲು ಕುಟ್ಟುತ್ತಿದ್ದೆ. ಇದ್ದಕ್ಕಿದ್ದಂತೆ ಎಲ್ಲ ನಿಂತಿತು. ಒಬ್ಬ ವಯಸ್ಸಾದವರು ಕೂತಲ್ಲೇ ಕಣ್ಣು ಮುಚ್ಚಿ ಹಾಡಲು ಶುರು ಮಾಡಿದರು. ನನಗೆ ಉತ್ಸಾಹ ಇಳಿದಿರಲಿಲ್ಲ. ಮೆಲ್ಲಗೆ ತಾಳ ಹಾಕಿದೆ. ಎರಡೇ ಏಟು. ಪಕ್ಕದ ಅಜ್ಜಿ ನನ್ನ ಕೈ ಮೇಲೆ ಕೈ ಇಟ್ಟು ಒತ್ತಿ ಹಿಡಿದರು. ಹಾಡು ಮುಗಿಯೋವರೆಗೂ ಬಿಡಲಿಲ್ಲ.

ಆಮೇಲೆ ಗೊತ್ತಾಯಿತು. ಆ ಹಾಡಿಗೆ ತಾಳವೇ ಇಲ್ಲ. ಶಾನ್ ನೋಸ್ ಅಂತಾರೆ, ‘ಹಳೇ ರೀತಿ’ ಅಂತ ಅರ್ಥ. ಪಕ್ಕವಾದ್ಯ ಇಲ್ಲ. ಮಾತು ಎಷ್ಟು ಉದ್ದ ಬೇಕೋ ಸ್ವರ ಅಷ್ಟು ಉದ್ದ. ಒಂದೊಂದು ಅಕ್ಷರಕ್ಕೂ ಸಣ್ಣ ಸಣ್ಣ ಸುಳಿ ಹಾಕುತ್ತಾರೆ, ಮತ್ತೆ ಅದೇ ಸಾಲು ಬಂದಾಗ ಸುಳಿ ಬೇರೆ. ಮುಖದಲ್ಲಿ ಮಾತ್ರ ಏನೂ ಇಲ್ಲ, ಗೋಡೆ ನೋಡಿಕೊಂಡು ಹಾಡುವವರೂ ಇದ್ದಾರೆ. ಕೇಳುವವರಲ್ಲಿ ಒಬ್ಬರು ಹಾಡುಗಾರರ ಕೈ ಹಿಡಿದು ನಿಧಾನಕ್ಕೆ ಸುತ್ತಿಸುವುದೂ ಉಂಟು, ಬಾವಿಯ ರಾಟೆ ತಿರುಗಿಸಿದ ಹಾಗೆ. ಮಧ್ಯೆ ಮಧ್ಯೆ ‘ಮಹ್ ಹೂ!’ ಅಂತಾರೆ, ಅಂದ್ರೆ ಭೇಷ್. ಸಂಗೀತ ಕಚೇರಿಯಲ್ಲಿ ನಾವು ಭಲೇ ಅನ್ನೋ ಹಾಗೆ.

ಈ ರೀತಿಯ ದೊಡ್ಡ ಹೆಸರು ಜೋ ಹೀನಿ. 1919ರಲ್ಲಿ ಐರ್ಲೆಂಡಿನ ಪಶ್ಚಿಮದ ಕಾನಮಾರಾ ಸೀಮೆಯ ಕಾರ್ನಾ ಹತ್ತಿರ ಹುಟ್ಟಿದವರು. 1960ರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ನ್ಯೂಯಾರ್ಕಿನ ಅಪಾರ್ಟ್‌ಮೆಂಟ್ ಕಟ್ಟಡದಲ್ಲಿ ಬಾಗಿಲು ಕಾಯುವ ಕೆಲಸ ಮಾಡಿದರು. ಬಾಯಲ್ಲಿ ನೂರಾರು ಹಾಡು, ಕೈಯಲ್ಲಿ ಬಾಗಿಲ ಹಿಡಿ. ಆಮೇಲೆ ಸಿಯಾಟಲ್‌ನ ವಿಶ್ವವಿದ್ಯಾಲಯ ಕರೆದು ಪಾಠ ಹೇಳಿಸಿತು. 1982ರಲ್ಲಿ ಅಮೆರಿಕ ಸರ್ಕಾರ ಜನಪದ ಕಲಾವಿದರಿಗೆ ಕೊಡುವ ದೊಡ್ಡ ಗೌರವ ಶುರುವಾದ ಮೊದಲ ವರ್ಷವೇ ಅವರಿಗೆ ಬಂತು. ಎರಡೇ ವರ್ಷಕ್ಕೆ ತೀರಿಕೊಂಡರು. ಅದೇ ಗೌರವ ಜೀನ್ ರಿಚಿಗೆ ಬಂದದ್ದು 2002ರಲ್ಲಿ.

ಹೀನಿ ಹಾಡಿನ ಮೊದಲು ಅದರ ಕತೆ ಹೇಳುತ್ತಿದ್ದರು. ಯಾರು ಕಟ್ಟಿದ್ದು, ಏನಾಗಿತ್ತು, ಈ ಸಾಲಿನಲ್ಲಿ ಅವಳು ಯಾರಿಗೆ ಹೇಳ್ತಿದ್ದಾಳೆ. ಅದಕ್ಕೆ ‘ಊದರ್’ ಅಂತ ಹೆಸರು. ಕತೆ ಗೊತ್ತಿಲ್ಲದೆ ಹಾಡು ಹಾಡಿದರೆ ಅರ್ಧ ಹಾಡಿದ ಹಾಗೆ. ಸುಬ್ಬಿ ಮೇಡಂ ಹೇಳಿದ್ದನ್ನ ಇದಕ್ಕೆ ಸೇರಿಸ್ತೀನಿ. ಭಾವವನ್ನೆಲ್ಲ ಕತೆಯಲ್ಲೇ ಹೇಳಿ ಮುಗಿಸಿಬಿಟ್ಟರೆ, ಹಾಡುವಾಗ ಮುಖ ಸುಮ್ಮನಿರಬಹುದು.

ಇನ್ನೊಂದು ಗಮನಿಸಿ. ಅನೇಕರು ಕೊನೆಯ ಸಾಲನ್ನು, ಇಲ್ಲಾ ಕೊನೆಯ ಎರಡು ಪದವನ್ನು, ಹಾಡೋದಿಲ್ಲ. ಮಾತಿನಲ್ಲಿ ಹೇಳಿಬಿಡ್ತಾರೆ. ಹಾಡು ಮುಗೀತು, ಇನ್ನು ನಾನೂ ನಿಮ್ಮ ಹಾಗೇ ಕೂತವನು ಅನ್ನೋ ಥರ. ನನಗೆ ಮೊದಲ ಸಲ ಕೇಳಿದಾಗ ಮೈ ಜುಂ ಅಂತು.

ರಾಗಿಮುದ್ದೆ22

ಅಜ್ಜಿ ಕೈ ಹಿಡಿದಿದ್ದು ಓದಿ ಆಫೀಸಲ್ಲಿ ನಕ್ಕುಬಿಟ್ಟೆ.

ಒಂದು ಡೌಟು. ಎಲ್ಲರೂ ಎಲ್ಲರ ಹಾಡು ಹಾಡ್ತಾರೆ. ಯಾರೋ ಕಟ್ಟಿದ್ದು, ಯಾರೋ ಬರೆದಿಟ್ಟಿದ್ದು, ಯಾರೋ ರೆಕಾರ್ಡ್ ಮಾಡಿ ದುಡ್ಡು ಮಾಡಿದ್ದು. ಇದು ಯಾರ ಆಸ್ತಿ?

ಬ್ಯಾಂಜೋಭಟ್ಟ

ಒಳ್ಳೇ ಪ್ರಶ್ನೆ, ಜಗಳದ ಪ್ರಶ್ನೆ.

ರಿಚಿ ಮನೆಯಲ್ಲಿ ‘ನಾಟಮನ್ ಟೌನ್’ ಅಂತ ಒಂದು ಹಾಡಿತ್ತು. ಎಲ್ಲ ತಿರುಗಾಮುರುಗಾ ಇರುವ ಊರಿನ ಒಗಟಿನ ಹಾಡು. ಸುಬ್ಬಿಯಕ್ಕ ಹೇಳಿದ ಆ 1917ರಲ್ಲಿ ಶಾರ್ಪ್ ಬರೆದುಕೊಂಡದ್ದೂ ಇದನ್ನೇ. 1963ರಲ್ಲಿ ಬಾಬ್ ಡಿಲನ್ ಒಂದು ಯುದ್ಧವಿರೋಧಿ ಹಾಡು ಮಾಡಿದರು, ಧಾಟಿ ಇದರದ್ದೇ. ರಿಚಿ ತಮ್ಮ ಮನೆತನದಲ್ಲಿ ಹಾಡುತ್ತಿದ್ದ ರೂಪಕ್ಕೆ ಹಕ್ಕು ನೋಂದಾಯಿಸಿದ್ದರು. ತಕರಾರು ಎದ್ದಿತು, ಡಿಲನ್ ಕಡೆಯವರು ಹಣ ಕೊಟ್ಟು ಇತ್ಯರ್ಥ ಮಾಡಿಕೊಂಡರು.

ನನ್ನ ಅಭಿಪ್ರಾಯ ಕೇಳಿದರೆ ರಿಚಿ ಮಾಡಿದ್ದು ಸರಿ. ಹಾಡು ಎಲ್ಲರದ್ದು ಅಂತ ಹೇಳೋದು ಸುಲಭ. ಆದರೆ ಆ ಊರಿನಿಂದ ಕಲ್ಲಿದ್ದಲು ತೆಗೆದುಕೊಂಡು ಹೋದವರೂ ಹಾಗೇ ಅಂದುಕೊಂಡಿರಬೇಕು. ಮನೆಯಲ್ಲಿ ಮೂರು ತಲೆಮಾರು ಉಳಿಸಿಕೊಂಡು ಬಂದವರ ಹೆಸರು ಹೇಳೋದಕ್ಕೆ ಏನು ಕಷ್ಟ?

ಶಿರಸಿಸುಬ್ಬಿ

ಸರಿ ಅಂತ ಪೂರ್ತಿ ಒಪ್ಪೋದಿಲ್ಲ ಭಟ್ಟರೇ. ರಿಚಿ ಮನೆಯವರೂ ಅದನ್ನು ಕಟ್ಟಿದವರಲ್ಲ, ಕೇಳಿ ಕಲಿತವರು. ಹೆಸರು ಹೇಳಬೇಕು, ಹೌದು. ಬೇಲಿ ಹಾಕಬೇಕಾ? ನಮ್ಮ ಅಜ್ಜಿ ಬೀಸುವಾಗ ಹಾಡುತ್ತಿದ್ದ ಪದಕ್ಕೆ ನಾನು ಬೇಲಿ ಹಾಕಿದರೆ, ಆಚೆಮನೆ ಅಜ್ಜಿ ಎದ್ದು ಬಂದು ನನಗೆ ಬೀಸುವ ಗೂಟದಲ್ಲೇ ಎರಡು ಬಿಡುತ್ತಿದ್ದಳು. ಅವಳೂ ಅದನ್ನೇ ಹಾಡುತ್ತಿದ್ದಳು, ಎರಡು ಸಾಲು ಬೇರೆ ಮಾಡಿ.

ಬ್ಯಾಂಜೋಭಟ್ಟ

ಗೂಟಕ್ಕೆ ಹೆದರಿ ಅರ್ಧ ವಾಪಸ್ ತಗೊಂಡೆ.

ಅಂಚೆಪೇಟೆ

ಇಷ್ಟು ಹೊತ್ತು ಓದುತ್ತಿದ್ದೆ. ಒಂದು ಕೊರತೆ ಕಾಣಿಸ್ತಿದೆ. ಅಮೆರಿಕದ ಹಾಡು ಅಂದ ಕೂಡಲೇ ಐರ್ಲೆಂಡಿನಿಂದ, ಸ್ಕಾಟ್ಲೆಂಡಿನಿಂದ ಹಡಗು ಹತ್ತಿ ಹೋದವರು ಮಾತ್ರ ನೆನಪಾಗ್ತಾರೆ. ಬೇರೆ ಹಡಗುಗಳಲ್ಲಿ ಸರಪಳಿ ಹಾಕಿಸಿಕೊಂಡು ಹೋದವರು?

ಭಟ್ಟರ ಹೆಸರಲ್ಲೇ ಇರುವ ಬ್ಯಾಂಜೋ ಆಫ್ರಿಕಾದವರದ್ದು. ಪಶ್ಚಿಮ ಆಫ್ರಿಕಾದ ಸೋರೆಬುರುಡೆಯ ವಾದ್ಯಗಳ ನೆನಪಲ್ಲಿ, ಗುಲಾಮರಾಗಿ ಬಂದವರು ಕೆರಿಬಿಯನ್‌ನಲ್ಲಿ, ಅಮೆರಿಕದಲ್ಲಿ ಮಾಡಿಕೊಂಡದ್ದು. 1840ರ ದಶಕದಲ್ಲಿ ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯರ ಆಟಗಳ ಜೊತೆ ಅದು ಐರ್ಲೆಂಡಿಗೂ ಹೋಯಿತು. ಈಗ ಐರಿಷ್ ಪಬ್ಬಿನಲ್ಲಿ ಬ್ಯಾಂಜೋ ಇಲ್ಲದಿದ್ದರೆ ಏನೋ ಕಮ್ಮಿ ಅನ್ನಿಸುತ್ತೆ.

ಹಳೇ ಹಾಡಿಗೆ ಇವತ್ತು ಹೊಸ ಜೀವ ಕೊಡ್ತಿರೋರು ಯಾರು ಅಂದ್ರೆ ನಾನು ರಿಯಾನನ್ ಗಿಡೆನ್ಸ್ ಹೆಸರು ಹೇಳ್ತೀನಿ. 1977ರಲ್ಲಿ ಉತ್ತರ ಕೆರೊಲಿನಾದ ಗ್ರೀನ್ಸ್‌ಬರೋದಲ್ಲಿ ಹುಟ್ಟಿದವರು. ಓದಿದ್ದು ಒಪೆರಾ. ಆಮೇಲೆ ಊರಿಗೆ ಬಂದು ಜೋ ಥಾಂಪ್ಸನ್ ಎಂಬ ಎಂಬತ್ತು ದಾಟಿದ ಕಪ್ಪು ಪಿಟೀಲುಗಾರರ ಮನೆಗೆ ಹೋಗಿ, ಎದುರಿಗೆ ಕೂತು ಕಲಿತರು. 1858ರ ಬ್ಯಾಂಜೋ ಒಂದರ ಪಡಿಯಚ್ಚು ನುಡಿಸುತ್ತಾರೆ. ಕಬ್ಬಿಣದ ಪಟ್ಟಿ ಇಲ್ಲದ ನುಣ್ಣನೆಯ ಕೊರಳು, ದನಿ ಮಂದ್ರ, ಈಗಿನ ಬ್ಯಾಂಜೋದ ಕಿಣಿಕಿಣಿ ಇಲ್ಲ.

ಅವರು ವರ್ಷಗಟ್ಟಲೆ ಐರ್ಲೆಂಡಿನ ಲಿಮೆರಿಕ್‌ನಲ್ಲಿ ವಾಸ ಮಾಡಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಹೋಗಲಾಗದೆ, ಫ್ರಾನ್ಸೆಸ್ಕೋ ಟುರ್ರಿಸಿ ಎಂಬ ಇಟಲಿಯ ಸಂಗೀತಗಾರರ ಜೊತೆ ಡಬ್ಲಿನ್ ಹೊರಗಿನ ಒಂದು ಹೊಲದ ಸ್ಟುಡಿಯೋದಲ್ಲಿ ಕೂತು ಮನೆಯ ನೆನಪಿನ ಹಾಡುಗಳನ್ನು ಮುದ್ರಿಸಿದರು. ಅದರಲ್ಲಿ ‘ಅಮೇಜಿಂಗ್ ಗ್ರೇಸ್’ ಇದೆ. ಆ ಪದ ಬರೆದ ಜಾನ್ ನ್ಯೂಟನ್ ಒಂದು ಕಾಲಕ್ಕೆ ಗುಲಾಮರ ಹಡಗಿನ ಕಪ್ತಾನ. ಈಗ ಎಲ್ಲರೂ ಹಾಡುವ ಧಾಟಿ ಅದಕ್ಕೆ ಸೇರಿದ್ದು ಅಮೆರಿಕದಲ್ಲಿ, 1835ರಲ್ಲಿ ಅಚ್ಚಾದ ಹಾಡಿನ ಪುಸ್ತಕದಲ್ಲಿ. ಗಿಡೆನ್ಸ್ ಆ ಪದಗಳನ್ನೇ ಬಿಟ್ಟುಬಿಟ್ಟರು. ಬರೀ ಗುನುಗುತ್ತಾರೆ. ಕೆಳಗೆ ತಮಟೆಯಂಥ ವಾದ್ಯ, ಪಕ್ಕದಲ್ಲಿ ಐರಿಷ್ ಪೈಪ್. ಕಪ್ತಾನನ ಮಾತು ಬೇಡ, ಧಾಟಿ ನಮಗಿರಲಿ ಅಂದ ಹಾಗೆ ನನಗೆ ಕೇಳಿಸಿತು. ಅವರ ಮನಸ್ಸಿನಲ್ಲಿ ಅದೇ ಇತ್ತು ಅಂತಲ್ಲ, ನನ್ನ ಕಿವಿ ಹೇಳಿದ್ದು.

ಹಂಚಿನಮನೆ

ಅಂಚೆಪೇಟೆಯವರೇ, ಇದನ್ನು ಮೊದಲೇ ಯಾಕೆ ಹೇಳಲಿಲ್ಲ! ಇವತ್ತು ಬೆಳಿಗ್ಗೆ ಬಸ್ಸಲ್ಲಿ ಕೇಳಿದೆ. ಇಳಿಯೋ ಸ್ಟಾಪ್ ತಪ್ಪಿಹೋಯಿತು.

ನನ್ನ ಪ್ರಶ್ನೆ ಈಗ ಬೇರೆ ಆಗಿದೆ. ಜಾಸ್ತಿ ಮಾಡೋದಾ, ಕಮ್ಮಿ ಮಾಡೋದಾ ಅಂತ ಕೇಳಿದ್ದೇ ಸರಿಯಿರಲಿಲ್ಲ. ರಿಚಿ ಪದ ಇಟ್ಟುಕೊಂಡು ಭಾವ ಬಿಟ್ಟರು. ಗಿಡೆನ್ಸ್ ಪದ ಬಿಟ್ಟು ದನಿ ಇಟ್ಟುಕೊಂಡರು. ಬ್ರೇಡಿ ಎಲ್ಲ ಇಟ್ಟುಕೊಂಡು ಮೇಲೊಂದು ಗಿಟಾರು ಸೇರಿಸಿದರು. ಯಾರು ಏನು ಬಿಟ್ಟರು ಅಂತ ನೋಡಿದರೆ ಹಾಡು ಚೆನ್ನಾಗಿ ಕೇಳಿಸುತ್ತೆ.

ಗಾಲ್ವೆಮಳೆ

ಭಟ್ಟರು ಕಲ್ಲಿದ್ದಲಿನ ಮಾತು ಎತ್ತಿದ್ದರಿಂದ ನೆನಪಾಯಿತು. ರಿಚಿ ಹಳೇ ಹಾಡು ಮಾತ್ರ ಹಾಡಿದವರಲ್ಲ, ತಾವೂ ಕಟ್ಟಿದರು. ಬೆಟ್ಟದ ತಲೆ ಕೆರೆದು ಕಲ್ಲಿದ್ದಲು ತೆಗೆದಾಗ ಹಳ್ಳದ ನೀರು ಕಪ್ಪಾದದ್ದರ ಬಗ್ಗೆ ಒಂದು. ಗಣಿ ಮುಚ್ಚಿ ರೈಲು ನಿಂತುಹೋದದ್ದರ ಬಗ್ಗೆ ಇನ್ನೊಂದು, ಅದನ್ನು ಜಾನಿ ಕ್ಯಾಶ್ ಕೂಡ ಹಾಡಿದ್ದಾರೆ. ಇಂಥ ಹಾಡುಗಳಿಗೆ ಅವರು ಹಾಕಿದ್ದು ತಮ್ಮ ಹೆಸರಲ್ಲ, ‘ಥಾನ್ ಹಾಲ್’ ಅಂತ ಅಜ್ಜನ ಹೆಸರು. ಹೆಂಗಸು ಬರೆದ ಗಣಿಯ ಹಾಡಿಗೆ ಜನ ಬೆಲೆ ಕೊಡಲ್ಲ ಅಂತ. ಕೇಳಿದರೆ ಎಷ್ಟೋ ವರ್ಷದ ಹಳೇ ಹಾಡು ಅನ್ನಿಸುತ್ತೆ.

ರಾಗಿಮುದ್ದೆ22

ಆ ರೈಲಿನ ಹಾಡು ಕೇಳಿದೆ. ನಿದ್ದೆ ಬರಲಿಲ್ಲ. ನಮ್ಮ ತಾತ ಕೆಜಿಎಫ್‌ನಲ್ಲಿದ್ದವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಕ್ವಾರ್ಟರ್ಸ್ ಮುಂದೆ ಕುರ್ಚಿ ಹಾಕಿಕೊಂಡು ಸುಮ್ನೆ ಕೂತಿರುತ್ತಿದ್ದರು. ಸೈರನ್ ಹೊಡೆಯೋ ಹೊತ್ತಿಗೆ ವಾಚ್ ನೋಡ್ಕೊಳ್ಳೋರು. ಸೈರನ್ ಇರ್ತಿರಲಿಲ್ಲ.

ಬಾರ್ಬರಾ ಆಲನ್ ಇನ್ನೊಂದ್ಸಲ ಟ್ರೈ ಮಾಡ್ತೀನಿ.

ಕೊಡೆಮರೆತವ

ಎರಡು ವಾರ ಆದ ಮೇಲೆ ಬಂದೆ, ಕ್ಷಮಿಸಿ. ಇನ್ನೊಂದು ಸಲ ಮಾನ ಹೋಯಿತು, ಅದನ್ನೂ ಹೇಳಿಬಿಡ್ತೀನಿ.

ಇಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವ ಮಾಡಿದೆವು. ಶಾಲೆಯೊಂದರ ಹಾಲ್, ಬಿಸಿಬೇಳೆಭಾತು, ಮಕ್ಕಳ ಡ್ಯಾನ್ಸು, ಎಲ್ಲ ಇತ್ತು. ನನ್ನದೂ ಒಂದು ಹಾಡು. ಕರಾವೋಕೆ ಬೇಡ ಅಂದೆ. ಅಮ್ಮ ಹೇಳುತ್ತಿದ್ದ ಒಂದು ಬೀಸುವ ಪದ ತಗೊಂಡೆ. ಮೊದಲು ಹೀನಿ ಥರ ಅದರ ಕತೆ ಹೇಳಿದೆ, ತವರಿಗೆ ಹೋಗಬೇಕು ಅಂತ ಕಾಯುವ ಹೆಣ್ಣಿನದ್ದು. ಆಮೇಲೆ ಕಣ್ಣು ಮುಚ್ಚಿ ಬರೀ ಬಾಯಲ್ಲಿ ಹಾಡಿದೆ. ದನಿ ನಡುಗಿಸಲಿಲ್ಲ, ರಿಚಿಯನ್ನ ನೆನೆಸಿಕೊಂಡು. ಹಾಲ್ ಪೂರ್ತಿ ಸುಮ್ಮನಾಯಿತು. ನನಗೆ ಧೈರ್ಯ ಬಂತು.

ಕೊನೇ ಸಾಲು ಬಂತು. ಹಾಡದೆ, ಮಾತಿನಲ್ಲಿ ಮೆಲ್ಲಗೆ ಹೇಳಿ ನಿಲ್ಲಿಸಿದೆ.

ಎಲ್ಲರೂ ಕಾಯ್ತಿದ್ದಾರೆ. ಚಪ್ಪಾಳೆ ಇಲ್ಲ. ಎರಡನೇ ಸಾಲಿನಲ್ಲಿ ಕೂತಿದ್ದ ಒಬ್ಬರು ಆಂಟಿ, ಹುಬ್ಬಳ್ಳಿ ಕಡೆಯವರು, ಪಾಪ ನಾನು ಮರೆತೆ ಅಂದ್ಕೊಂಡು ಆ ಕೊನೇ ಸಾಲನ್ನ ಕೂತಲ್ಲಿಂದಲೇ ಹಾಡಿ ನೆನಪಿಸಿದರು. ಅವರ ಊರಿನ ಧಾಟಿ ಬೇರೆ. ಪದವೂ ಒಂದು ಬೇರೆ. ಪಕ್ಕದವರಿಬ್ಬರು ಜೊತೆಗೆ ಸೇರಿದರು. ನಾನು ಮೈಕ್ ಹಿಡ್ಕೊಂಡು ನಿಂತಿದ್ದೆ, ಮುಂದಿನ ಎರಡು ನುಡಿ ಅವರೇ ಹಾಡಿದರು. ಆ ನುಡಿಗಳು ನನಗೆ ಗೊತ್ತೇ ಇರಲಿಲ್ಲ.

ಊಟದ ಸಾಲಿನಲ್ಲಿ ಅವರ ಹಿಂದೆ ನಿಂತು ಬರ್ಕೊಂಡಿದ್ದೀನಿ. ಪೇಪರ್ ಪ್ಲೇಟಿನ ಹಿಂದೆ, ಸ್ವಲ್ಪ ತುಪ್ಪ ಹತ್ತಿದೆ, ಓದೋಕಾಗುತ್ತೆ.